ಹಿಮಕ್ಕೆ ನಲವತ್ತು ದಿನ ಮುಂಚೆ

ಕಾಡು ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಬೆಳ್ಗುಡ್ಡ ಅನ್ನೋ ಮೂರೂರಿನ ರಾಜ್ಯ ಇತ್ತು. ಅಲ್ಲಿ ಧೂಮಕಂಠ ಅನ್ನೋ ಮಾಂತ್ರಿಕ ಡಂಗುರ ಹೊಡೆಸಿದ ಮೇಲೇ ಚಳಿಗಾಲಕ್ಕೆ ಇದ್ದ ಒಂದೇ ಹಸಿರಾದ ಚಳಿಸೊಪ್ಪು ಬಿತ್ತಬೇಕಿತ್ತು. ಮುಂಚೆ ಬಿತ್ತಿದವರ ಕೈಯನ್ನು ಅವನು ಕಲ್ಲು ಮಾಡುತ್ತಿದ್ದ.

"ಚಳಿಸೊಪ್ಪಿಗೆ ಚಳಿ ಬೇಕು. ಚಳಿ ಬಂದ ಮೇಲೆ ಬಿತ್ತಿ" ಅಂತಿದ್ದ. ಜನ ನಂಬಿದ್ದರು. ದೀಪಾವಳಿಗೆ ಡಂಗುರ. ಎರಡೆಲೆಯ ಸಸಿ ಹಿಮಕ್ಕೆ ಸುಟ್ಟುಹೋಗುತ್ತಿತ್ತು. ಅವನ ತೋಟ ಮಾತ್ರ ಹಸಿರು. ಅಲ್ಲಿ ಒಂದು ತಿಂಗಳು ಜೀತ ಮಾಡಿದರೆ ಒಂದು ಕಟ್ಟು ಸೊಪ್ಪು.

ಊರೂರು ತಿರುಗುವ ಸಿದ್ಲಿಂಗ ಚಳಿಗಾಲ ಮುಗಿದಾಗ ಅಕ್ಕನ ಮನೆಗೆ ಬಂದ. ಅಕ್ಕ ಹೊನ್ನವ್ವನ ವಸಡಲ್ಲಿ ರಕ್ತ.

"ಹಸಿ ಸೊಪ್ಪು ಕಂಡು ವರ್ಷ ಆಯ್ತು ಕಣೋ. ಇನ್ನೊಂದು ಚಳಿಗಾಲ ನಾ ತಡೆಯಲ್ಲ."

"ಸೊಪ್ಪು ಸಾಯೋದು ಹಿಮಕ್ಕೆ ತಾನೆ? ಅದು ಯಾವತ್ತು ಬೀಳುತ್ತೆ ಅಂತ ಹಿಮವನ್ನೇ ಕೇಳ್ತೀನಿ" ಅಂದ ಸಿದ್ಲಿಂಗ.

ಬೇಸಿಗೆಯಲ್ಲಿ, ಊರಿಗೆ ಹಿಮ ತರುವ ಹಿಮಮೃಗಗಳು ಗವಿಯಲ್ಲಿ ಮಲಗಿರುತ್ತವೆ. ಮೇಲೂರಿನ ಗವಿಯಲ್ಲಿ ಬಿಳಿ ಕರಡಿ. "ನಡುಗದೆ ನನ್ನ ಪಂಜ ಹಿಡಿ" ಅಂತು. ಹಿಡಿದ. "ದೀಪಾವಳಿಗೆ ಹದಿನೈದು ದಿನ ಮುಂಚೆ ಇಳೀತೀನಿ."

ನಡುವೂರಿನ ಗವಿಯಲ್ಲಿ ಬಿಳಿ ಗೂಳಿ. "ನನ್ನ ಕೊಂಬಿನ ಮಂಜು ನೆಕ್ಕು" ಅಂತು. ನೆಕ್ಕಿದ. "ದೀಪಾವಳಿ ದಿನ."

ಕೆಳಗೂರಿನ ಗವಿಯಲ್ಲಿ ಬಿಳಿ ನರಿ. "ನಿನ್ನ ಕಂಬಳಿ ಕೊಡು" ಅಂತು. ಕೊಟ್ಟ. "ದೀಪಾವಳಿ ಕಳೆದು ಹದಿನೈದು ದಿನಕ್ಕೆ" ಅಂದು ನರಿ ನಕ್ಕಿತು. "ದಡ್ಡಾ, ಮೂರು ಊರಿಗೂ ಒಂದೇ ಡಂಗುರವಾ? ನಲವತ್ತು ದಿನ ಬೆಳೆದ ಸೊಪ್ಪನ್ನ ನಾವು ಮೂಸಿ ಬಿಡ್ತೀವಿ. ಎಳೆಯದನ್ನ ತಿಂದುಹಾಕ್ತೀವಿ. ನಿಮ್ಮ ಮಾಂತ್ರಿಕನಿಗೆ ಇದು ಗೊತ್ತು."

ಸಿದ್ಲಿಂಗನ ಮೈ ಉರಿದುಹೋಯಿತು. ಊರೂರಿಗೆ ಹೋಗಿ ಹೇಳಿದ. "ಹಿಮದ ದಿನದಿಂದ ಹಿಂದಕ್ಕೆ ನಲವತ್ತು ಎಣಿಸಿ. ಮೊದಲು ಮೇಲೂರು, ಆಮೇಲೆ ನಡುವೂರು, ಕೊನೆಗೆ ಕೆಳಗೂರು. ಎಲ್ಲರೂ ಸೇರಿ ಬಿತ್ತೋಣ."

ಮೇಲೂರಿನ ದಿನ ಬಂತು. ಮೂರೂರಿನವರೂ ಹೊಲದಲ್ಲಿ ನಿಂತರು. ಧೂಮಕಂಠ ರಾಜನನ್ನೇ ಕರೆದುಕೊಂಡು ಬಂದ. ಸಿದ್ಲಿಂಗ ಮೊದಲ ಹಿಡಿ ಬೀಜ ಚೆಲ್ಲಿದ, ಧೂಮಕಂಠ ಮಂತ್ರ ಹೇಳಿದ. ಸಿದ್ಲಿಂಗನ ಕೈ ಕಲ್ಲಾಯಿತು.

ಹೊನ್ನವ್ವ ತಮ್ಮನ ಮಡಿಲಿನ ಬೀಜ ತಗೊಂಡು ಚೆಲ್ಲಿದಳು. ಅವಳ ಕೈಯೂ ಕಲ್ಲಾಯಿತು. ಪಕ್ಕದವಳು ಚೆಲ್ಲಿದಳು. ಅವಳ ಪಕ್ಕದವನು ಚೆಲ್ಲಿದ.

"ಮಂತ್ರ ಹೇಳಯ್ಯಾ, ನಿಲ್ಲಿಸಬೇಡ" ಅಂದಳು ಹೊನ್ನವ್ವ. "ಇನ್ನೂ ಇನ್ನೂರು ಕೈ ಇವೆ."

ಒಂದು ಕೈ ಕಲ್ಲು ಮಾಡಲು ಅವನಿಗೆ ಒಂದು ಉಸಿರು ಬೇಕಿತ್ತು. ಐವತ್ತನೇ ಕೈಗೆ ಧೂಮಕಂಠನ ಉಸಿರು ಮುಗಿಯಿತು. ಅವನು ಹೊಗೆಯಾಗಿ ಚದುರಿಹೋದ. ಕಲ್ಲಾದ ಕೈಗಳೆಲ್ಲ ಬೆಚ್ಚಗಾದವು.

ರಾಜ ತಲೆ ತಗ್ಗಿಸಿದ. "ನನಗೆ ತಿಳಿದೇ ಇರಲಿಲ್ಲ ತಾಯಿ."

"ನಿಮ್ಮ ತಟ್ಟೇಲಿ ದಿನಾ ಸೊಪ್ಪಿತ್ತಲ್ಲ ದೊರೆ. ಎಲ್ಲಿಂದ ಬಂತು ಅಂತ ಒಂದು ದಿನನಾದರೂ ಕೇಳಿದ್ರಾ?"

ರಾಜ ಕಿರೀಟ ಬದುವಿನ ಮೇಲಿಟ್ಟು, ಬೀಜದ ಬುಟ್ಟಿ ಹೊತ್ತು ಹೊನ್ನವ್ವನ ಹಿಂದೆ ನಡೆದ.

ಆ ಚಳಿಗಾಲ ಮೂರು ಊರಲ್ಲೂ ಹಿಮ ಬಿತ್ತು, ಹಿಮದ ಕೆಳಗೆ ಸೊಪ್ಪು ನಿಂತಿತ್ತು. ಹೊನ್ನವ್ವ ಹಸಿ ಎಲೆಯನ್ನು ಕಚಕಚ ಅಗಿದು ತಿಂದಳು. ರಕ್ತ ಬರಲಿಲ್ಲ. ಅಲ್ಲಿಂದಾಚೆ ಬೆಳ್ಗುಡ್ಡದವರೆಲ್ಲ ತಮ್ಮ ದಿನ ತಾವೇ ಎಣಿಸಿಕೊಂಡು, ಹೊಟ್ಟೆ ತುಂಬ ಉಂಡು ಸುಖವಾಗಿ ಬಾಳಿದರು.