ಹದಿನೆಂಟನೇ ತಾರೀಖಿನ ನೀರು

"ಈಗ ನಾನು ಪ್ರೊಫೆಸರ್. ನಗಬಾರದು!" ಎನ್ನುತ್ತಾ ಅವನು ಇಸ್ತ್ರಿ ಮೇಜಿನ ಆಚೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

ಅವಳಿಗೆ ನಗು ಬರಲಿಲ್ಲ. ಎದೆ ಡವಡವ ಎನ್ನುತ್ತಿತ್ತು. ನಾಡಿದ್ದು ವಿಶ್ವವಿದ್ಯಾಲಯದ ಭೂಗೋಳ ವಿಭಾಗದಲ್ಲಿ ಸಂದರ್ಶನ. ಎದೆಬಡಿತ ಅದಕ್ಕೋ... ಅಥವಾ ಇವನು ಮೊದಲ ಸಲ ಇಷ್ಟು ಹತ್ತಿರ ಕೂತು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಾನಲ್ಲ, ಅದಕ್ಕೋ?

ಅವನು ನದಿಯ ಮಟ್ಟ ಅಳೆಯುವ ನೌಕರ. ದಿನಾ ಬೆಳಿಗ್ಗೆ ಆರಕ್ಕೆ ಸೇತುವೆ ಕೆಳಗಿಳಿದು, ನೀರು ಕಂಬದ ಯಾವ ಗೆರೆ ಮುಟ್ಟಿದೆ ಎಂದು ನೋಡಿ ಬರೆದಿಡಬೇಕು. ಪ್ಯಾಂಟು ಗಿಡ್ಡ ಮಾಡಿಸಲು ಅವಳ ಅತ್ತಿಗೆಯ ಟೈಲರ್ ಅಂಗಡಿಗೆ ಬಂದವನು, ಅಲ್ಲಿ ಗುಂಡಿ ಹೊಲಿಯುವ ಹುಡುಗಿಗೆ ಭೂಗೋಳ ಓದುವ ಆಸೆಯಂತೆ ಎಂದು ಕೇಳಿ, ಇಡೀ ವರ್ಷದ ಅಂಕಿಗಳನ್ನು ನಕಲು ಮಾಡಿ ತಂದುಕೊಟ್ಟಿದ್ದ. ಆಮೇಲೆ ಅವನ ಪ್ಯಾಂಟುಗಳೆಲ್ಲ ವಾರಕ್ಕೊಂದರಂತೆ ಉದ್ದವಾಗತೊಡಗಿದವು! ಅತ್ತಿಗೆ ಅವನಿಗೆ ಅಳತೆರಾಯ ಎಂದು ಹೆಸರಿಟ್ಟಿದ್ದಳು.

ಅವನು ಅವಳ ರೇಖಾನಕ್ಷೆ ಬಿಚ್ಚಿ ಹರಡಿದ. ಅವನದೇ ಅಂಕಿಗಳು, ಅವಳು ಎಳೆದ ನೀಲಿ ಗೆರೆ.

"ಜೂನ್ ಹದಿನೇಳರ ರಾತ್ರಿಯಿಡೀ ಧಾರಾಕಾರ ಮಳೆ. ಆದ್ರೂ ಹದಿನೆಂಟನೇ ತಾರೀಖು ಬೆಳಿಗ್ಗೆ ನೀರು ಹಿಂದಿನ ದಿನದಷ್ಟೇ ಇದೆ. ಯಾಕೆ?" ಎಂದು ಕೇಳುವಾಗ ಅವನ ದನಿ ಯಾಕೋ ಸಣ್ಣಗಾಯಿತು.

ಈ ಪ್ರಶ್ನೆಗೆ ಅವಳು ಕನ್ನಡಿಯ ಮುಂದೆ ನಿಂತು ಉತ್ತರ ಬಾಯಿಪಾಠ ಮಾಡಿದ್ದಳು. ಪಟಪಟನೆ ಶುರುಮಾಡಿದಳು.

"ಸರ್, ಮಣ್ಣು ತುಂಬಾ ಒಣಗಿತ್ತು, ಮಳೆ ನೀರನ್ನೆಲ್ಲ ಹೀರ್ಕೊಳ್ತು. ಆವತ್ತು ಬೆಳಿಗ್ಗೆ ಆರಕ್ಕೆ ನಾನೇ ಸೇತುವೆ ಹತ್ರ ನಿಂತು ಅಳೆದಿದ್ದೆ. ವರ್ಷವಿಡೀ ನಾನೇ..."

ಅಯ್ಯೋ! ಅವಳು ನಾಲಿಗೆ ಕಚ್ಚಿಕೊಂಡಳು. ಯಾರ ಎದುರು ಏನು ಹೇಳಿಬಿಟ್ಟೆ?

ಹೋದ ವರ್ಷದ ಸಂದರ್ಶನದಲ್ಲಿ "ನೀವೇ ಹೊರಗೆ ಹೋಗಿ ಏನಾದರೂ ಅಳೆದಿದ್ದೀರಾ?" ಎಂದು ಕೇಳಿ, ಇಲ್ಲ ಎಂದಿದ್ದಕ್ಕೆ ಅವಳನ್ನು ವಾಪಸ್ ಕಳಿಸಿದ್ದರು. ಈ ಸಲ ಅರ್ಜಿಯಲ್ಲೇ ಬರೆದುಬಿಟ್ಟಿದ್ದಳು, ಎಲ್ಲವನ್ನೂ ನಾನೇ ಅಳೆದೆ ಎಂದು. ಅವನಿಗೆ ಮಾತ್ರ ತಿಳಿಸಿರಲಿಲ್ಲ.

ಅವನ ಮುಖ ಬಿಳಿಚಿಕೊಂಡಿತು.

"ಆವತ್ತು ಸೇತುವೆ ಹತ್ರ ಯಾರೂ ಇರ್ಲಿಲ್ಲ ರೀ," ಎಂದ ಮೆಲ್ಲಗೆ. "ನಾನೂ ಇರ್ಲಿಲ್ಲ. ಜ್ವರ ಬಂದು ಮಲಗಿದ್ದೆ. ಹಿಂದಿನ ದಿನದ ಅಂಕಿನೇ ಬರೆದುಬಿಟ್ಟೆ."

ಅಷ್ಟು ಹೇಳಿ ಎದ್ದವನು ತಿರುಗಿಯೂ ನೋಡದೆ ಹೊರಟುಹೋದ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಭೂಗೋಳ ಓದುವವಳಿಗೆ ಅದು ಅಷ್ಟು ಸುಲಭವಾಗಿ ಬಾಯಿಬಿಡುವುದಿಲ್ಲ ಎಂದು ಗೊತ್ತಿದ್ದರೂ!

"ಏನೇ ಭೂಗೋಳಮ್ಮ, ಅಳತೆರಾಯ ಟೀ ಕುಡೀದೇ ಹೋದ್ನಲ್ಲ?" ಎಂದು ಅತ್ತಿಗೆ ಒಳಗಿನಿಂದ ಬಂದಳು.

"ನಾನು ಕಳ್ಳಿ, ಅತ್ತಿಗೆ... ಅವರ ಬೆಳಗುಗಳನ್ನೆಲ್ಲ ಕದ್ದು ನಂದು ಅಂತ ಬರ್ಕೊಂಡೆ. ಅವರಿಗೆ ನನ್ನ ಮುಖ ನೋಡೋಕೂ ಅಸಹ್ಯ ಆಗಿದೆ," ಎಂದು ಅವಳು ಬಿಕ್ಕಿದಳು.

ಅತ್ತಿಗೆ ಎಲ್ಲ ಕೇಳಿಸಿಕೊಂಡಳು. ಬೈಯಲಿಲ್ಲ. "ಹೊಲಿಗೆ ತಪ್ಪಾದ್ರೆ ಏನ್ಮಾಡ್ತೀವಿ? ಬಿಚ್ಚಬೇಕು ಕಣೇ," ಎಂದಳಷ್ಟೆ.

ಮರುದಿನ ಅವನು ಬರಲಿಲ್ಲ. ಸಂದರ್ಶನದ ದಿನವೂ ಅವನ ಸುದ್ದಿಯಿಲ್ಲ.

ಪ್ರೊಫೆಸರ್ ಮೇಡಂ ನಕ್ಷೆ ನೋಡಿ ಕನ್ನಡಕ ತೆಗೆದಿಟ್ಟರು. "ವರ್ಷವಿಡೀ ದಿನಾ ಬೆಳಿಗ್ಗೆ ಅಳೆದಿದ್ದೀರಾ? ಶಹಬ್ಬಾಸ್! ಇಂಥವರೇ ನಮಗೆ ಬೇಕು."

ಸೀಟು ಕೈಗೇ ಬಂದಿತ್ತು. ಒಂದು 'ಥ್ಯಾಂಕ್ಸ್' ಅಂದಿದ್ದರೆ ಸಾಕಿತ್ತು.

ಆ ಶಹಬ್ಬಾಸ್ ಮಾತ್ರ ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು.

"ಇಲ್ಲ ಮೇಡಂ. ನಾನು ಒಂದು ದಿನವೂ ಅಳೆದಿಲ್ಲ. ಬೇರೆಯವರು ಚಳಿಯಲ್ಲಿ ನಿಂತು ಅಳೆದಿದ್ದು. ನಾನು ಅರ್ಜಿಯಲ್ಲಿ ಸುಳ್ಳು ಬರೆದೆ. ಹದಿನೆಂಟನೇ ತಾರೀಖಿನ ಅಂಕಿನೂ ತೆಗೆದುಬಿಡಿ, ಅದನ್ನ ನಂಬೋಹಾಗಿಲ್ಲ."

"ಅಳೆದವರು ಯಾರು?"

"ಅವರನ್ನ ಕೇಳದೆ ಹೆಸರು ಹೇಳಲ್ಲ ಮೇಡಂ. ಒಂದ್ಸಲ ಕೇಳದೆ ತಗೊಂಡಿದ್ದು ಸಾಕು."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡು ಅವಳ ಅರ್ಜಿ ಎಳೆದುಕೊಂಡರು. ಅವಳು ತಲೆ ತಗ್ಗಿಸಿಯೇ ಕೂತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಅವಳು ಸೇತುವೆಯ ಮೆಟ್ಟಿಲು ಇಳಿದಳು. ಅವನು ಪುಸ್ತಕ ಹಿಡಿದು ನಿಂತಿದ್ದ. ಅವಳನ್ನು ಕಂಡವನೇ ಗಾಬರಿಯಾದ.

"ನನ್ನಿಂದ ನಿಮ್ಮ ಸೀಟು ಹೋಯ್ತಾ?"

"ನಿಮ್ಮಿಂದಾನಾ? ಸುಳ್ಳು ಬರೆದವಳು ನಾನು! ಕ್ಷಮಿಸಿಬಿಡಿ... ನಿಮಗೆ ನನ್ನ ಮೇಲೆ ಅಸಹ್ಯ ಆಯ್ತು ಅಂತ ಗೊತ್ತು."

"ಅಸಹ್ಯ ಆಗಿದ್ದು ನನ್ನ ಮೇಲೇ ರೀ. ನನ್ನ ಜ್ವರದ ಸುಳ್ಳಿಗೆ ನೀವು ಅಷ್ಟು ಚೆಂದದ ಕಾರಣ ಕೊಡ್ತಿದ್ರಿ... ಕೂತು ಕೇಳೋಕಾಗ್ಲಿಲ್ಲ. ನಿನ್ನೆ ಹೋಗಿ ಸಾಹೇಬರ ಹತ್ರ ಒಪ್ಕೊಂಡೆ. ಚೆನ್ನಾಗಿ ಉಗಿಸ್ಕೊಂಡೆ."

ಎರಡು ದಿನ ಒಬ್ಬರಿಗೊಬ್ಬರು ಹೆದರಿ ಅಡಗಿಕೊಂಡಿದ್ದರಲ್ಲ! ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಸಂದರ್ಶನದಲ್ಲಿ ಏನಾಯ್ತು?"

"ನಾನೂ ಎಲ್ಲ ಒಪ್ಕೊಂಡೆ. ಮೂರು ತಿಂಗಳು ನೀವೇ ಅಳೆದು ತನ್ನಿ, ಆಮೇಲೆ ನೋಡೋಣ ಅಂದ್ರು ಮೇಡಂ. ಸೀಟು ಕೊಡ್ತೀನಿ ಅಂತ ಏನೂ ಹೇಳಿಲ್ಲ."

"ದಿನಾ ಆರಕ್ಕೆ ಬರ್ಬೇಕಾಗತ್ತೆ."

"ಬರ್ತೀನಿ."

"ಮೂರು ತಿಂಗಳಾದ್ಮೇಲೆ?"

"ಆಮೇಲೂ ಬರ್ತೀನಿ..." ಅವಳು ಸೆರಗಿನ ತುದಿ ಹಿಂಡಿದಳು. "ನೀರು ನೋಡೋಕಲ್ಲ."

"ಮತ್ಯಾಕೆ?"

"ನಿಮಗೆ ಗೊತ್ತು!"

"ಊಹೆ ಮೇಲೆ ಬರೆಯೋದು ಬಿಟ್ಟಿದ್ದೀನಿ ರೀ. ನೀವೇ ಬಾಯಿಬಿಟ್ಟು ಹೇಳಿ."

ಅವಳು ಈ ಸಲ ತಲೆ ತಗ್ಗಿಸಲಿಲ್ಲ.

"ನೀವಂದ್ರೆ ನಂಗಿಷ್ಟ. ಇದು ನನ್ನದೇ ಮಾತು... ಯಾರಿಂದಲೂ ಕದ್ದಿದ್ದಲ್ಲ."

"ನಂಗೂ," ಎಂದ ಅವನು. ಪುಸ್ತಕ ಮುಚ್ಚುವ ಕೈ ನಡುಗುತ್ತಿತ್ತು. "ಜ್ವರ ಇಲ್ಲ. ಸತ್ಯವಾಗ್ಲೂ."