ನಿಮಿಷಕ್ಕೆ ಹದಿನಾರು

ನಾನು ಹುಣಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಡೆದದ್ದನ್ನಷ್ಟೇ ಬರೆಯುತ್ತಿದ್ದೇನೆ.

ಕಾರಿನ ಏಸಿ ಹಾಕಿದರೆ ಯಾರೋ ನಿದ್ದೆಯಲ್ಲಿ ಉಸಿರಾಡುವಂಥ ಸದ್ದು ಬರುತ್ತಿತ್ತು. ಫ್ಯಾನಿನ ವೇಗ ಹೆಚ್ಚಿಸಿದರೂ ತಗ್ಗಿಸಿದರೂ ನಿಮಿಷಕ್ಕೆ ಹದಿನಾರೇ ಸಲ. ಫ್ಯಾನಿಗೆ ಎಲೆ ಸಿಕ್ಕಿಕೊಂಡಿದ್ದರೆ ಅದರ ವೇಗದ ಜೊತೆ ಸದ್ದಿನ ವೇಗವೂ ಬದಲಾಗಬೇಕಿತ್ತು. ಅವ್ವನಿಗೆ ವಾರಕ್ಕೆರಡು ಸಲ ಮೈಸೂರಿನಲ್ಲಿ ಡಯಾಲಿಸಿಸ್, ಸೆಕೆ ತಡೆಯಲಾಗುವುದಿಲ್ಲ. ಅಂದು ಹೋಗುವ ದಾರಿಯಲ್ಲೇ ಮೆಕ್ಯಾನಿಕ್ ಮಾದೇಶನ ಶೆಡ್ಡಿನಲ್ಲಿ ಕಾರು ನಿಲ್ಲಿಸಿದೆ.

“ಇಲಿ ಸಂಸಾರ ಹೂಡಿರ್ತದೆ ಬುಡಿ ಸಾ, ಅದ್ಕೂ ಲೆಕ್ಕ ಹಾಕ್ತಾ ಕೂತಿದ್ದೀರಲ್ಲ!” ಎಂದು ಮಾದೇಶ ನಕ್ಕ.

ಫಿಲ್ಟರ್ ಶುಭ್ರವಾಗಿತ್ತು. ಎಂಜಿನ್ ಆಫ್ ಮಾಡಿ, ಫ್ಯಾನನ್ನೇ ಬಿಚ್ಚಿ ಗೋಣಿಚೀಲದ ಮೇಲಿಟ್ಟ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡ. ಹೊರಗೆ ಸ್ಟೂಲಿನ ಮೇಲಿದ್ದ ಅವ್ವ, “ಹೊತ್ತಾಯ್ತು ಕಣಪ್ಪಾ,” ಎಂದಳು. ಮಾದೇಶ ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತ. ನಾನೂ ಕಿವಿಗೊಟ್ಟು ಎಣಿಸಿದೆ. ಹದಿನಾರು.

ಅವನು ತನ್ನ ವ್ಯಾನಿನ ಕೀ ಚಾಚಿದ. “ಅವ್ವನ್ನ ಈ ಗಾಡೀಲಿ ಕರ್ಕೊಂಡೋಗ್ಬ್ಯಾಡಿ ಸಾ.”

ಅದು ಏಸಿಯಿಲ್ಲದ ಹಳೆಯ ವ್ಯಾನು. ಬಿಳಿಕೆರೆ ದಾಟುವಾಗ ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟೆಲ್ಲ ಖಾಲಿಯಿದ್ದರೂ ಅವ್ವ ಬಾಗಿಲಿಗೆ ಅಂಟಿಕೊಂಡು ಕೂತಿದ್ದಳು.

“ಈಚೆ ಬಾರವ್ವ, ಆರಾಮಾಗಿ ಕೂತ್ಕೊ.”

“ಸುಮ್ನಿರು, ಈಗಷ್ಟೇ ನಿದ್ದೆ ಹೋಗವ್ರೆ,” ಎಂದಳು, ಭುಜ ಅಲುಗಿಸದೆ.

ವ್ಯಾನು ನಿಲ್ಲಿಸಿ ಅವಳ ಪಕ್ಕದ ರೆಕ್ಸಿನ್ ಸೀಟು ಮುಟ್ಟಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೇ ಬೀಳುತ್ತಿತ್ತು. ಸೀಟು ತಣ್ಣಗಿತ್ತು.