ದಿಲ್ಲಿಗೆ ಬಂದ ಆಮೆಮೊಟ್ಟೆಗಳು

೧೯೭೫ರ ಜನವರಿ. ಬೆಳಿಗ್ಗೆ ಎದ್ದು ನೋಡಿದರೆ ಕರೋಲ್ ಬಾಗಿನ ನಮ್ಮ ಹೋಟೆಲಿನ ಒಲೆಯ ಪಕ್ಕ ಹಿಂದಿನ ದಿನ ಊರಿಂದ ಬಂದಿಳಿದ ಜಯಾನಂದನ ಪೆಟ್ಟಿಗೆ ಇರಲಿಲ್ಲ. ಅದರ ತುಂಬ ಮರಳು, ಮರಳಿನೊಳಗೆ ಕಡಲಾಮೆಯ ಮೊಟ್ಟೆ. ಚಳಿ ತಾಗದಿರಲೆಂದು ಅಡುಗೆಯ ಅಣ್ಣು ಅಲ್ಲಿಟ್ಟಿದ್ದ.

"ಮಧ್ಯಾಹ್ನ ಸಾಹೇಬರು ಬರ್ತಾರೆ, ಪ್ರಫುಲ್ಲಕ್ಕ. ಮೊಟ್ಟೆ ಕಾಣದಿದ್ದರೆ ನಮ್ಮೂರವರನ್ನೆಲ್ಲ ಕಂಪನಿಯವರು ಒಕ್ಕಲೆಬ್ಬಿಸ್ತಾರೆ," ಎಂದು ಜಯಾನಂದ ಕುಸಿದು ಕೂತ.

ಅವನ ಊರು ಉಡುಪಿಯ ಕಡೆ, ಹೊಳೆಗೂ ಕಡಲಿಗೂ ನಡುವಿನ ಮರಳದ್ವೀಪ. ಅಲ್ಲಿ ಬಂಗಲೆ ಕಟ್ಟಲು ಕಂಪನಿಯೊಂದು ಹೊಂಚುಹಾಕಿತ್ತು. ಆಮೆ ಮೊಟ್ಟೆಯಿಡುವುದು ನಿಜವಾದರೆ ದ್ವೀಪವನ್ನು ರಕ್ಷಿತ ಉದ್ಯಾನ ಮಾಡಿಸುತ್ತೇನೆಂದು ದಿಲ್ಲಿಯ ಅಧಿಕಾರಿ ದಕ್ಷಿಣಾಮೂರ್ತಿ ಸಾಹೇಬರು ಮಾತು ಕೊಟ್ಟಿದ್ದರು.

ನಾನು ಮಹಡಿಯ ಬಾಡಿಗೆದಾರರಾದ ವೈಜಯಂತಮ್ಮನವರನ್ನು ಕರೆತಂದೆ. ಹೆಸರಿಗೆ ಶಾಲೆಯ ಟೀಚರು. ಈ ಗಲ್ಲಿಯ ಕಳ್ಳರಿಗೆಲ್ಲ ಅವರೆಂದರೆ ನಡುಕ.

"ಮೊಟ್ಟೆ ಹೇಗಿದ್ದವಪ್ಪ?"

"ದುಂಡಗೆ, ಮೆತ್ತಗೆ. ಒತ್ತಿದರೆ ತಗ್ಗು ಬೀಳ್ತದೆ. ಪೆಟ್ಟಿಗೆಗೆ ಊರಲ್ಲೇ ಮೊಳೆ ಹೊಡೆದೆ, ಇಲ್ಲಿ ಯಾರಿಗೂ ತೋರಿಸಿಲ್ಲ."

ಅಷ್ಟರಲ್ಲಿ ತಾರಸಿಯ ಬರ್ಸಾತಿ ಕೋಣೆಯ ಚಂದ್ರಮೋಹನ ಇಳಿದು ಬಂದ. ಕಂಪನಿಗಳ ಪರವಾಗಿ ಸರ್ಕಾರಿ ಕಚೇರಿ ಸುತ್ತುವ ಆಸಾಮಿ. "ಅಣ್ಣು ಪೆಟ್ಟಿಗೆ ಬೀಳಿಸಿದ. ಮೊಟ್ಟೆ ಠಪ್ಪಂತ ಒಡೆದವು. ಚಿಪ್ಪಿನ ಚೂರು ಗುಡಿಸಿ, ಪೆಟ್ಟಿಗೆ ಸಮೇತ ಹೊರಗೆ ಒಯ್ದ," ಎಂದ. ನಮ್ಮ ಯಜಮಾನರು ಹಿಂದುಮುಂದು ನೋಡದೆ ಅಣ್ಣುವಿನ ಕೆನ್ನೆಗೆ ಬಾರಿಸಿದರು. ನನಗೆ ಮೈ ಉರಿಯಿತು.

ಮಧ್ಯಾಹ್ನ ಸಾಹೇಬರ ಮುಂದೆ ಎಲ್ಲರೂ ಸೇರಿದೆವು.

"ಈ ಮೊಟ್ಟೆಗೆ ಚರ್ಮದಂಥ ಹೊದಿಕೆ," ಎಂದರು ವೈಜಯಂತಮ್ಮ. "ಬಿದ್ದರೆ ಠಪ್ಪೆನ್ನುವುದಿಲ್ಲ, ಚೂರಾಗುವುದೂ ಇಲ್ಲ. ಚಂದ್ರಮೋಹನರೇ, ನೀವು ಹೇಳಿದ್ದು ಕೋಳಿಮೊಟ್ಟೆಯ ಕತೆ. ಮೊಟ್ಟೆಯನ್ನು ನೀವು ಕಂಡೇ ಇಲ್ಲ. ಅಂದರೆ ಪೆಟ್ಟಿಗೆ ತೆರೆದಿಲ್ಲ, ಇಡಿಯಾಗಿದೆ. ರಾತ್ರಿ ಬೀಗ ಹಾಕಿದ ಬೀದಿಬಾಗಿಲನ್ನು ಬೆಳಿಗ್ಗೆ ತೆಗೆದದ್ದು ಪ್ರಫುಲ್ಲಾ. ಅವಳ ಕಣ್ಣು ತಪ್ಪಿಸಿ ಯಾರೂ ಪೆಟ್ಟಿಗೆ ಹೊರಗೆ ಒಯ್ದಿಲ್ಲ. ಕೆಳಗೆಲ್ಲ ಹುಡುಕಿಯಾಯಿತು, ಹಾಗಾದರೆ ಅದು ಮೇಲಿದೆ. ಮೇಲಿರುವುದು ನಾನು, ನೀವು ಇಬ್ಬರೇ. ದ್ವೀಪಕ್ಕೆ ಹೊಂಚುಹಾಕಿದ ಕಂಪನಿ ನಿಮ್ಮದೇ ತಾನೇ?"

ಎಲ್ಲರೂ ಮೇಲೆ ಹತ್ತಿದೆವು. ಪೆಟ್ಟಿಗೆ ತಾರಸಿಯ ಕಲ್ಲಿದ್ದಲ ಮೂಟೆಗಳ ಹಿಂದೆ ಸಿಕ್ಕಿತು. ರಾತ್ರಿಯಿಡೀ ಚಳಿಯಲ್ಲಿದ್ದು ಮರಳು ತಣ್ಣಗೆ ಕೊರೆಯುತ್ತಿತ್ತು.

ಸಾಹೇಬರು ಒಂದು ಮೊಟ್ಟೆ ಬಿಡಿಸಿ ನೋಡಿ ತಲೆಯಾಡಿಸಿದರು. ಒಳಗೆ ಪುಟ್ಟ ಆಮೆ ಸತ್ತಿತ್ತು. "ಸಾಕ್ಷಿಗೆ ಇಷ್ಟು ಸಾಕು. ಉದ್ಯಾನ ಆಗುತ್ತೆ," ಎಂದರು.

ನಾವೆಲ್ಲ ಉಸಿರುಬಿಟ್ಟೆವು. ಜಯಾನಂದ ಮಾತ್ರ ಪೆಟ್ಟಿಗೆಯ ಮುಂದಿನಿಂದ ಏಳಲಿಲ್ಲ.

"ಕೊಂದದ್ದು ಅವನೊಬ್ಬನೇನಾ, ಅಮ್ಮ? ಅಗೆದು ತಂದವ ನಾನು. ಅಲ್ಲೇ ಬಿಟ್ಟಿದ್ದರೆ ಕಡಲಿಗೆ ಇಳೀತಿದ್ದವು."

ವೈಜಯಂತಮ್ಮ ಅವನ ಪಕ್ಕ ನೆಲದ ಮೇಲೆ ಕೂತರು.